ಕ್ರಮವಿಧಿಗೂ ಬೇಕು ಸಹೃದಯ

ಕಾವ್ಯಕ್ಕೆ ವಿಮರ್ಶಕರಿದ್ದಾರೆ. ಸಂಗೀತ ಕಚೇರಿ ನಡೆದ ಮರುದಿನವೋ ಮರುವಾರವೋ ಪತ್ರಿಕೆಯಲ್ಲಿ ಅದರ ಗುಣದೋಷಗಳ ಚರ್ಚೆ ಬರುತ್ತದೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಗಿನ ಜಾವ ಮನೆಗೆ ಮರಳುವ ಪ್ರೇಕ್ಷಕರು ಭಾಗವತರ ಪದ, ವೇಷಧಾರಿಯ ಮಾತುಗಾರಿಕೆ ಇವನ್ನು ದಾರಿಯುದ್ದಕ್ಕೂ ತೂಗುತ್ತ ನಡೆಯುತ್ತಾರೆ. ಆದರೆ ಕಂಪ್ಯೂಟರಿಗಾಗಿ ಬರೆದ ಪ್ರೋಗ್ರಾಮನ್ನು, ಅಂದರೆ ಕ್ರಮವಿಧಿಯನ್ನು, ಹೀಗೆ ಓದಿ ತೂಗುವವರು ಯಾರು? ಅದರ ಬಗ್ಗೆ ನಾವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರೇ: ಕೆಲಸ ಮಾಡುತ್ತದೆಯೆ? ಯಾವಾಗ ಮುಗಿಯುತ್ತದೆ? ಖರ್ಚೆಷ್ಟು? ಚೆನ್ನಾಗಿದೆಯೆ ಎಂದು ಕೇಳುವವರು ಅಪರೂಪ. ಬರೆಯುವಾಗ ಸಂತೋಷವಾಯಿತೆ ಎಂದು ಕೇಳುವವರಂತೂ ಇಲ್ಲವೇ ಇಲ್ಲ.

ಕ್ರಮವಿಧಿ ರಚನೆ ಒಂದು ಕಲೆ, ಅದನ್ನು ಅದರ ಸಂತೋಷಕ್ಕಾಗಿಯೇ ಮಾಡಬಹುದು ಎಂದು ಗಟ್ಟಿಯಾಗಿ ವಾದಿಸಿದವರಲ್ಲಿ ಪ್ರಮುಖರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ (‘ಕನೂತ್’ ಎಂಬುದು ಅವರೇ ಹೇಳುವ ಉಚ್ಚಾರಣೆ). 1938ರಲ್ಲಿ ಹುಟ್ಟಿದ ಕ್ನೂತ್ ಈ ಮಾತನ್ನು ಕೇವಲ ಹೇಳಲಿಲ್ಲ, ಮಾಡಿಯೂ ತೋರಿಸಿದರು. ಅವರ ವಾದ ಎಷ್ಟರಮಟ್ಟಿಗೆ ನಿಲ್ಲುತ್ತದೆ? ಯಂತ್ರಗಳೇ ಕ್ರಮವಿಧಿ ಬರೆಯತೊಡಗಿರುವ ಇಂದು ಅದಕ್ಕೆ ಅರ್ಥವೇನಾದರೂ ಉಳಿದಿದೆಯೆ? ಇವನ್ನು ಇಲ್ಲಿ ಪರಿಶೀಲಿಸೋಣ.

ಕಲೆಯಿಂದ ವಿಜ್ಞಾನಕ್ಕೆ?

ಎಸಿಎಂ ಎಂಬುದು ಕಂಪ್ಯೂಟರ್ ತಜ್ಞರ ಅಮೆರಿಕದ ಹಳೆಯ ಸಂಘ. ಅದರ ಸಂಪಾದಕ ಮಂಡಲಿ 1959ರಲ್ಲಿ ಒಂದು ಆಶಯವನ್ನು ಪ್ರಕಟಿಸಿತ್ತು. ಕ್ರಮವಿಧಿ ರಚನೆಗೆ ಸಂಶೋಧನೆಯಲ್ಲಿ ಮಹತ್ವದ ಸ್ಥಾನ ಸಿಗಬೇಕಾದರೆ ಅದು ಕಲೆಯ ಹಂತವನ್ನು ದಾಟಿ ಶಿಸ್ತಿನ ವಿಜ್ಞಾನವಾಗಬೇಕು ಎಂಬುದು ಅದರ ಸಾರ. ಇಲ್ಲಿ ‘ಕಲೆ’ ಎಂಬುದು ಹೊಗಳಿಕೆಯ ಮಾತಲ್ಲ. ಇನ್ನೂ ಪಕ್ವವಾಗದ, ಕೈವಾಡವನ್ನೇ ನಂಬಿರುವ ಸ್ಥಿತಿ ಎಂದು ಅದರ ಅರ್ಥ.

ಹದಿನೈದು ವರ್ಷಗಳ ನಂತರ, 1974ರಲ್ಲಿ, ಅದೇ ಸಂಘ ತನ್ನ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು ಕ್ನೂತ್ ಅವರಿಗೆ ನೀಡಿತು. ಪ್ರಶಸ್ತಿ ಸ್ವೀಕರಿಸಿ ಮಾಡಿದ ಉಪನ್ಯಾಸಕ್ಕೆ ಅವರು ಆಯ್ದ ವಿಷಯ ‘ಕಲೆಯಾಗಿ ಕ್ರಮವಿಧಿ ರಚನೆ’. 1959ರ ಆ ಆಶಯವನ್ನೇ ಎತ್ತಿಕೊಂಡು, ವಿಜ್ಞಾನವಾಗುವುದು ಒಳ್ಳೆಯದೇ, ಆದರೆ ಅದಕ್ಕಾಗಿ ಕಲೆಯನ್ನು ಬಿಡಬೇಕಾಗಿಲ್ಲ ಎಂದು ಉತ್ತರಿಸಿದರು. ಲ್ಯಾಟಿನ್ನಿನ ‘ಆರ್ಸ್’ ಎಂಬ ಪದಕ್ಕೆ ಕೌಶಲ ಎಂಬ ಅರ್ಥವಿದೆ. ಅದಕ್ಕೆ ಸಮಾನವಾದ ಗ್ರೀಕ್ ಪದ ‘ಟೆಕ್ನೆ’. ತಂತ್ರಜ್ಞಾನವನ್ನು ಸೂಚಿಸುವ ‘ಟೆಕ್ನಾಲಜಿ’ ಹುಟ್ಟಿದ್ದು ಅಲ್ಲಿಂದ. ಹೀಗೆ ಕಲೆ ಮತ್ತು ತಂತ್ರ ಒಂದೇ ಬೇರಿನವು.

ಕನ್ನಡದ ಓದುಗರಿಗೆ ಈ ವಾದ ಹೊಸದೆನಿಸಲಾರದು. ನಮ್ಮ ಪರಂಪರೆಯ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗಾಯನ, ನರ್ತನಗಳ ಜೊತೆಗೇ ಮರಗೆಲಸವಿದೆ, ವಾಸ್ತುವಿದ್ಯೆಯಿದೆ, ಒಗಟು ಬಿಡಿಸುವುದಿದೆ, ಗುಪ್ತಲಿಪಿಯೂ ಇದೆ. ಉಪಯೋಗಕ್ಕೆ ಬರುವುದು ಕಲೆಯಲ್ಲ ಎಂಬ ಗೋಡೆಯನ್ನು ಆ ಪಟ್ಟಿ ಮಾಡಿದವರು ಕಟ್ಟಿರಲಿಲ್ಲ.

ಉಪನ್ಯಾಸದಲ್ಲಿ ಇನ್ನೊಂದು ಸೂಕ್ಷ್ಮ ವಾದವಿದೆ. ಯಾವುದನ್ನು ನಾವು ಕಂಪ್ಯೂಟರಿಗೆ ಕಲಿಸುವಷ್ಟು ಸ್ಪಷ್ಟವಾಗಿ ಅರಿತಿದ್ದೇವೋ ಅದು ವಿಜ್ಞಾನ. ಹಾಗೆ ಅರಿಯದೆ ಉಳಿದಿರುವುದು ಕಲೆ. ವಿಜ್ಞಾನ ಬೆಳೆದಂತೆಲ್ಲ ಕಲೆಯ ಗಡಿ ಮುಂದೆ ಸರಿಯುತ್ತದೆಯೇ ಹೊರತು ಕಲೆ ಮುಗಿಯುವುದಿಲ್ಲ. ಈ ಮಾತಿಗೆ ಕೊನೆಯಲ್ಲಿ ಮರಳುತ್ತೇವೆ. ಏಕೆಂದರೆ ಇಂದು ಸಡಿಲಗೊಂಡಿರುವುದು ಇದೇ ಕೀಲು.

ಇಕ್ಕಟ್ಟಿನಲ್ಲಿ ಹುಟ್ಟುವ ಸಂತೋಷ

ಕ್ರಮವಿಧಿ ಬರೆಯುವ ಸಂತೋಷ ಎಲ್ಲಿಂದ ಬರುತ್ತದೆ? ಫ್ರೆಡ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಇದಕ್ಕೆ ಐದು ಕಾರಣಗಳನ್ನು ಕೊಟ್ಟಿದ್ದಾರೆ: ಏನನ್ನಾದರೂ ಸೃಷ್ಟಿಸುವ ಸುಖ, ಅದು ಇತರರಿಗೆ ಉಪಯೋಗವಾಗುವ ಸುಖ, ಒಗಟಿನಂತೆ ಒಂದಕ್ಕೊಂದು ಹೊಂದಿಕೊಳ್ಳುವ ಭಾಗಗಳ ಆಕರ್ಷಣೆ, ಸದಾ ಹೊಸದನ್ನು ಕಲಿಯುವ ಅವಕಾಶ, ಹೇಳಿದಂತೆ ಬಾಗುವ ಮಾಧ್ಯಮ. ಪಟ್ಟಿ ಸೊಗಸಾಗಿದೆ. ಆದರೆ ಕೊನೆಯ ಕಾರಣವೊಂದನ್ನೇ ಹಿಡಿದುಕೊಂಡರೆ ದಾರಿ ತಪ್ಪುವ ಸಂಭವವಿದೆ. ಮಾಧ್ಯಮ ಬಾಗುವುದರಿಂದ ಮಾತ್ರ ಕಲೆಯ ಸುಖ ಸಿಗುವುದಿಲ್ಲ. ಎಲ್ಲೋ ಒಂದು ಕಡೆ ಅದು ಬಾಗದೆ ನಿಲ್ಲಬೇಕು.

ಕ್ನೂತ್ ಅವರ ಯೌವನದ ಉದಾಹರಣೆಯನ್ನೇ ನೋಡಿ. 1956ರಲ್ಲಿ ಅವರು ಕ್ಲೀವ್‌ಲೆಂಡಿನ ಕೇಸ್ ತಾಂತ್ರಿಕ ಸಂಸ್ಥೆಗೆ ವಿದ್ಯಾರ್ಥಿಯಾಗಿ ಸೇರಿದರು. ಅಲ್ಲಿ ಐಬಿಎಂ 650 ಎಂಬ ಕಂಪ್ಯೂಟರ್ ಬಂದಿತ್ತು. ಅದರ ಸ್ಮೃತಿ ಎಂದರೆ ವೇಗವಾಗಿ ತಿರುಗುವ ಒಂದು ಕಾಂತೀಯ ಉರುಳೆ. ಅದರಲ್ಲಿ ಹತ್ತು ಅಂಕಿಗಳ 2,000 ಸಂಖ್ಯೆಗಳಿಗೆ ಮಾತ್ರ ಜಾಗ. ಪ್ರತಿಯೊಂದು ಆಜ್ಞೆಯಲ್ಲೂ ಮುಂದಿನ ಆಜ್ಞೆ ಉರುಳೆಯ ಯಾವ ಸ್ಥಾನದಲ್ಲಿದೆ ಎಂದು ಬರೆದಿರಬೇಕಿತ್ತು. ಒಂದು ಆಜ್ಞೆ ಮುಗಿಯುವ ಹೊತ್ತಿಗೆ ಮುಂದಿನದು ಸರಿಯಾಗಿ ಓದುವ ತಲೆಯ ಕೆಳಗೆ ಬಂದರೆ ಕೆಲಸ ಸರಾಗ. ಕೂದಲೆಳೆಯಷ್ಟು ತಪ್ಪಿದರೂ ಉರುಳೆ ಇನ್ನೊಂದು ಪೂರ್ತಿ ಸುತ್ತು ತಿರುಗುವವರೆಗೆ ಕಾಯಬೇಕು. ಹಾಗಾಗಿ ಕ್ರಮವಿಧಿ ಬರೆಯುವವನು ಏನು ಮಾಡಬೇಕು ಎಂಬುದರ ಜೊತೆಗೆ ತಾಳವನ್ನೂ ಲೆಕ್ಕ ಹಾಕಬೇಕಿತ್ತು. ರಾತ್ರಿಯ ವೇಳೆ ಆ ಯಂತ್ರದೊಡನೆ ಕಳೆದ ಸಮಯವನ್ನು ಕ್ನೂತ್ ಮರೆಯಲಿಲ್ಲ. 1968ರಿಂದ ಹೊರಬರತೊಡಗಿದ ತಮ್ಮ ಮಹಾಗ್ರಂಥ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಅನ್ನು ಅವರು ಅರ್ಪಿಸಿದ್ದು ಆ ಐಬಿಎಂ 650 ಯಂತ್ರಕ್ಕೇ!

1974ರ ಉಪನ್ಯಾಸದಲ್ಲೂ ಇದೇ ಅಂಶವಿದೆ. ಉಪಕರಣ ಸೀಮಿತವಾದಷ್ಟೂ ಸಾಧಿಸಿದ ತೃಪ್ತಿ ಹೆಚ್ಚು ಎಂದು ಅವರು ಗಮನಿಸಿದ್ದರು. ತಮಗೆ ಅತ್ಯಂತ ಹೆಮ್ಮೆ ತಂದ ಕ್ರಮವಿಧಿಯೆಂದು ಅವರು ಹೆಸರಿಸಿದ್ದು ಕೇವಲ 4,096 ಪದಗಳ ಸ್ಮೃತಿಯಿದ್ದ ಪುಟ್ಟ ಯಂತ್ರವೊಂದಕ್ಕೆ ಬರೆದ ಕಂಪೈಲರನ್ನು. ಷಟ್ಪದಿಯಲ್ಲಿ ಬರೆಯುವ ಕವಿಗೆ ಮಾತ್ರೆಗಳ ಲೆಕ್ಕ ಹೊರೆಯೂ ಹೌದು, ಆಸರೆಯೂ ಹೌದು. ಕ್ರಮವಿಧಿಕಾರನಿಗೂ ಹಾಗೆಯೇ.

ನಮ್ಮ ನಾಡಿನಲ್ಲೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಕನ್ನಡ ವರ್ಣಮಾಲೆಯಲ್ಲಿ ಅಕ್ಷರಗಳು ಐವತ್ತರ ಆಸುಪಾಸು. ಗುಣಿತಾಕ್ಷರ, ಒತ್ತಕ್ಷರಗಳನ್ನು ಸೇರಿಸಿದರೆ ರೂಪಗಳು ಸಾವಿರಾರು. ಕೀಲಿಮಣೆಯಲ್ಲಿರುವುದೋ ಇಂಗ್ಲಿಷಿನ 26 ಅಕ್ಷರದ ಕೀಲಿಗಳು. ಕಿನ್ನಿಕಂಬಳ ಪದ್ಮನಾಭ ರಾವ್ (ಕೆ. ಪಿ. ರಾವ್) ಅವರು ರೂಪಿಸಿದ ವಿನ್ಯಾಸದಲ್ಲಿ ಆ 26 ಕೀಲಿಗಳೇ ಸಾಕು. ಸ್ವರದ ಕೀಲಿಯನ್ನು ಒಂಟಿಯಾಗಿ ಒತ್ತಿದರೆ ಸ್ವರಾಕ್ಷರ. ವ್ಯಂಜನದ ನಂತರ ಒತ್ತಿದರೆ ಅದೇ ಕೀಲಿಯಿಂದ ಗುಣಿತದ ಚಿಹ್ನೆ. ‘ಎಫ್’ ಕೀಲಿ ಒತ್ತಕ್ಷರಕ್ಕೆ ಕೊಂಡಿ. ಕನ್ನಡ ಬರೆಹದ ವ್ಯಾಕರಣವೇ ಇಲ್ಲಿ ಕ್ರಮವಿಧಿಯ ತರ್ಕವಾಗಿದೆ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟ ತಮ್ಮ ತಂತ್ರಾಂಶವನ್ನು ರಾವ್ ಅವರು ಉಚಿತವಾಗಿ ಹಂಚಿದರು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಳಸಿಕೊಂಡದ್ದು ಇದೇ ವಿನ್ಯಾಸವನ್ನು. ದಿನವೂ ಅದರಲ್ಲಿ ಬೆರಳಾಡಿಸುವ ನಮ್ಮಲ್ಲಿ ಎಷ್ಟು ಮಂದಿ ಅದರ ಮಿತವ್ಯಯದ ಚೆಲುವನ್ನು ಗಮನಿಸಿದ್ದೇವೆ?

ಒಂದು ಪರಿಚ್ಛೇದದ ಕಥೆ

ಕಲೆ ಎಂಬ ಮಾತನ್ನು ಒಪ್ಪಬೇಕಾದರೆ ಒಂದು ಕೃತಿಯನ್ನಾದರೂ ಹತ್ತಿರದಿಂದ ನೋಡಬೇಕು. ಕ್ನೂತ್ ಅವರ ಕೃತಿಗಳಲ್ಲಿ ಅದಕ್ಕೆ ಯೋಗ್ಯವಾದದ್ದು ‘ಟೆಕ್’ ಎಂಬ ಅಕ್ಷರ ಜೋಡಣೆಯ ತಂತ್ರಾಂಶ. 1977ರಲ್ಲಿ ತಮ್ಮ ಮಹಾಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಕೈಗೆ ಬಂದಾಗ ಕ್ನೂತ್ ನಿರಾಶರಾದರು. ಹಿಂದಿನ ಮೊಳೆ ಜೋಡಣೆಯ ಅಂದ ಹೊಸ ಫೋಟೊ ಅಕ್ಷರ ಜೋಡಣೆಯಲ್ಲಿ ಮಾಯವಾಗಿತ್ತು. ತಾವೇ ಒಂದು ವ್ಯವಸ್ಥೆಯನ್ನು ರಚಿಸಲು ಹೊರಟರು. ಅದಕ್ಕಿಟ್ಟ ಹೆಸರು ಹಿಂದೆ ಹೇಳಿದ ಗ್ರೀಕ್ ‘ಟೆಕ್ನೆ’ಯ ಮೊದಲ ಅಕ್ಷರಗಳಿಂದ ಬಂದದ್ದು.

ಟೆಕ್ ಮಾಡುವ ಹಲವು ಕೆಲಸಗಳಲ್ಲಿ ಒಂದನ್ನು ಮಾತ್ರ ತೆಗೆದುಕೊಳ್ಳೋಣ: ಪರಿಚ್ಛೇದವನ್ನು (ಪ್ಯಾರಾ) ಸಾಲುಗಳಾಗಿ ಒಡೆಯುವುದು. ಎರಡೂ ಅಂಚು ಸಮನಾಗಿರಬೇಕಾದರೆ ಪದಗಳ ನಡುವಿನ ಜಾಗವನ್ನು ಹಿಗ್ಗಿಸಬೇಕು ಇಲ್ಲವೆ ಕುಗ್ಗಿಸಬೇಕು. ಸಾಮಾನ್ಯ ತಂತ್ರಾಂಶ ಒಂದು ಸಾಲಿನಲ್ಲಿ ಹಿಡಿಯುವಷ್ಟು ಪದಗಳನ್ನು ತುಂಬಿ ಮುಂದಿನ ಸಾಲಿಗೆ ಹೋಗುತ್ತದೆ. ಮುಂದೆ ಏನಾಗುತ್ತದೆಂಬ ಚಿಂತೆ ಅದಕ್ಕಿಲ್ಲ. ಹೀಗಾಗಿ ಮೊದಲ ಸಾಲು ಚೆನ್ನಾಗಿ ಕೂತರೆ ಮೂರನೆಯ ಸಾಲಿನಲ್ಲಿ ಕಣಿವೆಗಳಂಥ ಬಿರುಕುಗಳು. ‘ಮಾಡಬೇಕಾಗಿರುವುದರಿಂದ’ ಎಂಬಂಥ ಉದ್ದದ ಪದಗಳಿರುವ ಕನ್ನಡದಲ್ಲಿ, ಅದೂ ಪತ್ರಿಕೆಯ ಕಿರಿದಾದ ಅಂಕಣಗಳಲ್ಲಿ, ಈ ಬಿರುಕುಗಳನ್ನು ನಾವೆಲ್ಲ ಕಂಡಿದ್ದೇವೆ.

ಕ್ನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ವಿಧಾನ ಇಡೀ ಪರಿಚ್ಛೇದವನ್ನು ಒಟ್ಟಾಗಿ ನೋಡುತ್ತದೆ. ಒಂದು ಸಾಲಿನ ಜಾಗ ಎಷ್ಟು ಹಿಗ್ಗಿದೆ ಎಂಬ ಅನುಪಾತದ ಘನವನ್ನು 100ರಿಂದ ಗುಣಿಸಿದರೆ ಬರುವುದು ಆ ಸಾಲಿನ ‘ಕೆಡುಕು’. ಅನುಪಾತ 1 ಆದರೆ ಕೆಡುಕು 100. ಅನುಪಾತ 2 ಆದರೆ 800. ಒಂದು ಸಾಲನ್ನು ಪರಿಪೂರ್ಣವಾಗಿ ಕೂರಿಸಿ ಇನ್ನೊಂದನ್ನು ಎರಡರ ಅನುಪಾತದಲ್ಲಿ ಹಿಗ್ಗಿಸಿದರೆ ಒಟ್ಟು ಕೆಡುಕು 800. ಎರಡೂ ಸಾಲು ಒಂದೊಂದು ಅನುಪಾತದಷ್ಟು ಹಿಗ್ಗಿದರೆ 200 ಮಾತ್ರ. ನಿಜವಾದ ಲೆಕ್ಕದಲ್ಲಿ ಇದನ್ನು ಮತ್ತೆ ವರ್ಗ ಮಾಡುವುದರಿಂದ ವ್ಯತ್ಯಾಸ ಇನ್ನೂ ದೊಡ್ಡದು. ತೊಂದರೆಯನ್ನು ಒಬ್ಬನ ಮೇಲೆ ಹೇರದೆ ಎಲ್ಲರೂ ಸ್ವಲ್ಪಸ್ವಲ್ಪ ಹಂಚಿಕೊಳ್ಳುವ ಕುಟುಂಬ ನ್ಯಾಯ ಇದು!

ಆದರೆ ನೂರು ಪದಗಳ ಪರಿಚ್ಛೇದದಲ್ಲಿ 99 ತೆರವುಗಳಿರುತ್ತವೆ. ಪ್ರತಿಯೊಂದರಲ್ಲೂ ಸಾಲು ಮುರಿಯಬಹುದು, ಮುರಿಯದಿರಬಹುದು. ಒಟ್ಟು ಸಾಧ್ಯತೆಗಳು 2ರ 99ನೆಯ ಘಾತದಷ್ಟು, ಎಂದರೆ ಮೂವತ್ತು ಅಂಕಿಗಳ ಸಂಖ್ಯೆ. ಇವೆಲ್ಲವನ್ನೂ ಪರೀಕ್ಷಿಸುವುದು ಯಾವ ಯಂತ್ರಕ್ಕೂ ಆಗದ ಮಾತು. ಪರಿಹಾರ ಸರಳವಾದೊಂದು ಅರಿವಿನಲ್ಲಿದೆ: ಒಂದು ತೆರವಿನವರೆಗಿನ ಅತ್ಯುತ್ತಮ ಜೋಡಣೆ ಯಾವುದೆಂಬುದು ಅದರಾಚೆಯ ಜೋಡಣೆಯನ್ನು ಅವಲಂಬಿಸುವುದಿಲ್ಲ. ಹಾಗಾಗಿ ಪ್ರತಿ ತೆರವಿಗೂ ಅಲ್ಲಿಗೆ ತಲಪುವ ಒಳ್ಳೆಯ ದಾರಿಯೊಂದನ್ನಷ್ಟೇ ನೆನಪಿಟ್ಟುಕೊಂಡು ಮುಂದುವರಿದರೆ ಸಾಕು. ಅಂಥ ದೈತ್ಯ ಸಂಖ್ಯೆ ಕೆಲವು ನೂರು ಹೋಲಿಕೆಗಳಿಗೆ ಇಳಿಯುತ್ತದೆ. ಇದನ್ನು ಮೊದಲ ಬಾರಿ ಅರ್ಥಮಾಡಿಕೊಂಡಾಗ ಆಗುವ ಬೆರಗೇ ಕ್ರಮವಿಧಿಯ ರಸಾನುಭವ. ಅದು ಅಲಂಕಾರದಿಂದ ಬಂದುದಲ್ಲ. ಕಣ್ಣಿಗೆ ಹಿತವಾದುದೇನೆಂಬ ಮುದ್ರಕನ ಅರಿವು, ಗಣಿತದ ಒಂದು ತತ್ತ್ವ, ಯಂತ್ರದ ಮಿತಿ ಈ ಮೂರೂ ಒಂದೇ ಬಿಂದುವಿನಲ್ಲಿ ಸೇರಿದ್ದರಿಂದ ಬಂದದ್ದು.

ಕೃತಿಕಾರನ ವಿನೋದವೂ ಇಲ್ಲಿದೆ. ಟೆಕ್‌ನ ಆವೃತ್ತಿಸಂಖ್ಯೆ ಪ್ರತಿ ತಿದ್ದುಪಡಿಯಲ್ಲೂ ‘ಪೈ’ಯ ಬೆಲೆಗೆ ಒಂದು ಅಂಕಿಯಷ್ಟು ಹತ್ತಿರವಾಗುತ್ತದೆ; 2021ರ ಆವೃತ್ತಿ 3.141592653. ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿದವರಿಗೆ ಕ್ನೂತ್ ಕೊಡುವ ಬಹುಮಾನ 2.56 ಡಾಲರ್, ಅಂದರೆ 256 ಸೆಂಟ್, ಎರಡರ ಎಂಟನೆಯ ಘಾತ.

ಹಲವು ಪುಟವೋ, ಆರು ಆಜ್ಞೆಯೋ

ಕ್ರಮವಿಧಿಯನ್ನು ಮೊದಲು ಮನುಷ್ಯರು ಓದಬೇಕು, ಯಂತ್ರ ಆಮೇಲೆ ಎಂಬುದು ಕ್ನೂತ್ ಅವರ ನಂಬಿಕೆ. 1984ರಲ್ಲಿ ಅವರು ‘ಸಾಕ್ಷರ ಕ್ರಮವಿಧಿ’ ಎನ್ನಬಹುದಾದ ಪದ್ಧತಿಯನ್ನು ಮಂಡಿಸಿದರು. ಇದರಲ್ಲಿ ಲೇಖಕ ಪ್ರಬಂಧದಂತೆ ವಿವರಿಸುತ್ತ ಹೋಗುತ್ತಾನೆ. ನಡುನಡುವೆ ಕ್ರಮವಿಧಿಯ ತುಣುಕುಗಳು ಬರುತ್ತವೆ. ಒಂದೇ ಕಡತದಿಂದ ‘ಟ್ಯಾಂಗಲ್’ ಎಂಬ ಸಾಧನ ಯಂತ್ರಕ್ಕೆ ಬೇಕಾದ ರೂಪವನ್ನು ಹೆಣೆದುಕೊಡುತ್ತದೆ, ‘ವೀವ್’ ಎಂಬುದು ಓದುಗನಿಗೆ ಬೇಕಾದ ರೂಪವನ್ನು ನೇಯ್ದುಕೊಡುತ್ತದೆ. ಟೆಕ್‌ನ ಪೂರ್ಣ ಪಾಠವೇ 1986ರಲ್ಲಿ ಸುಮಾರು ಆರುನೂರು ಪುಟಗಳ ಪುಸ್ತಕವಾಗಿ ಹೊರಬಂತು.

ಅದೇ ವರ್ಷ ಎಸಿಎಂನ ಮಾಸಪತ್ರಿಕೆಯಲ್ಲಿ ಅಂಕಣ ಬರೆಯುತ್ತಿದ್ದ ಜಾನ್ ಬೆಂಟ್ಲಿ ಒಂದು ಅಪೂರ್ವ ಪ್ರಯೋಗ ನಡೆಸಿದರು. ಕ್ನೂತ್ ಅವರಿಗೆ ಒಂದು ಸಮಸ್ಯೆ ಕೊಟ್ಟು ಸಾಕ್ಷರ ಕ್ರಮವಿಧಿ ಬರೆಸಿದರು. ಡಗ್ ಮೆಕ್‌ಇಲ್ರಾಯ್ ಅವರಿಂದ ಅದಕ್ಕೆ ವಿಮರ್ಶೆ ಬರೆಸಿ ಜೂನ್ ಸಂಚಿಕೆಯಲ್ಲಿ ಎರಡನ್ನೂ ಒಟ್ಟಿಗೆ ಅಚ್ಚು ಹಾಕಿದರು. ಸಮಸ್ಯೆ ಸರಳ: ಒಂದು ಪಠ್ಯದಲ್ಲಿ ಅತಿ ಹೆಚ್ಚು ಬಾರಿ ಬರುವ ಇಂತಿಷ್ಟು ಪದಗಳನ್ನು ಅವುಗಳ ಎಣಿಕೆಯೊಡನೆ ಇಳಿಕೆಯ ಕ್ರಮದಲ್ಲಿ ಕೊಡಬೇಕು.

ಕ್ನೂತ್ ಹಲವು ಪುಟಗಳ ಪರಿಹಾರ ಬರೆದರು. ‘ಟ್ರೈ’ ಎಂಬ ಮರದಂಥ ದತ್ತವಿನ್ಯಾಸವನ್ನು ಜಾಣತನದಿಂದ ಒತ್ತೊತ್ತಾಗಿ ತುಂಬಿ, ಪ್ರತಿ ಪದವನ್ನೂ ಒಮ್ಮೆ ಮಾತ್ರ ಇಟ್ಟುಕೊಂಡು ಎಣಿಸುವ ವಿಧಾನ ಅದು. ಓದಲು ಸೊಗಸು. ಮೆಕ್‌ಇಲ್ರಾಯ್ ಬರವಣಿಗೆಯನ್ನು ಮೆಚ್ಚಿದರು. ಆದರೆ ಅವರು ಯುನಿಕ್ಸ್ ವ್ಯವಸ್ಥೆಗೆ ‘ಪೈಪ್’ ಕಲ್ಪನೆಯನ್ನು ಕೊಟ್ಟವರು. ಒಂದು ಸಾಧನದ ಫಲಿತವನ್ನು ಕೊಳವೆಯಲ್ಲಿ ಹರಿಸಿ ಮುಂದಿನ ಸಾಧನಕ್ಕೆ ಒಪ್ಪಿಸುವ ಉಪಾಯ ಅದು. ಅವರು ಕೊಟ್ಟ ಪರಿಹಾರ ಆರೇ ಆಜ್ಞೆಗಳದು: ಅಕ್ಷರವಲ್ಲದ್ದನ್ನೆಲ್ಲ ಸಾಲು ಮುರಿತಗಳಾಗಿ ಬದಲಿಸು, ದೊಡ್ಡಕ್ಷರಗಳನ್ನು ಚಿಕ್ಕದು ಮಾಡು, ಅಕಾರಾದಿಯಾಗಿ ಜೋಡಿಸು, ಒಂದೇ ಬಗೆಯವನ್ನು ಎಣಿಸಿ ಒಂದಾಗಿಸು, ಎಣಿಕೆಯ ಇಳಿಕೆಯಲ್ಲಿ ಜೋಡಿಸು, ಬೇಕಾದಷ್ಟು ತೋರಿಸಿ ನಿಲ್ಲು. ಕ್ನೂತ್ ಅವರ ಕೃತಿಯನ್ನು ಅವರು ಹೋಲಿಸಿದ್ದು ರಷ್ಯದ ಚಕ್ರವರ್ತಿಗಳಿಗಾಗಿ ತಯಾರಾಗುತ್ತಿದ್ದ ಫ್ಯಾಬರ್ಜೆಯ ರತ್ನಖಚಿತ ಮೊಟ್ಟೆಗೆ: ಕುಸುರಿ ಅದ್ಭುತ, ಆದರೆ ಹುಟ್ಟುವಾಗಲೇ ವಸ್ತುಸಂಗ್ರಹಾಲಯದ ವಸ್ತು.

ಈ ಪ್ರಸಂಗವನ್ನು ನಂತರದ ಪೀಳಿಗೆ ಮೆಕ್‌ಇಲ್ರಾಯ್ ಗೆದ್ದ ಪಂದ್ಯವೆಂಬಂತೆ ಹೇಳಿಕೊಂಡು ಬಂದಿದೆ. ಅದು ಅನ್ಯಾಯ. ಕ್ನೂತ್ ಅವರಿಗೆ ಒಪ್ಪಿಸಿದ್ದು ತಮ್ಮ ಬರವಣಿಗೆಯ ಪದ್ಧತಿಯನ್ನು ಪ್ರದರ್ಶಿಸುವ ಕೆಲಸ, ಅತಿ ಚಿಕ್ಕ ಪರಿಹಾರ ಹುಡುಕುವುದಲ್ಲ. ಮೇಲಾಗಿ ಆರು ಆಜ್ಞೆಗಳ ಹಿಂದೆ ಬೇರೆಯವರು ಬರೆದ ಸಾವಿರಾರು ಸಾಲುಗಳಿವೆ. ಆ ಪರಿಹಾರ ಪಠ್ಯದ ಪ್ರತಿಯೊಂದು ಪದವನ್ನೂ ಜೋಡಣೆಗೆ ಒಡ್ಡುತ್ತದೆ; ಕ್ನೂತ್ ಅವರದು ಒಂದೇ ಓದಿನಲ್ಲಿ ಎಣಿಸಿ ಮುಗಿಸುತ್ತದೆ. ಆದರೂ ವಿಮರ್ಶಕನ ಮುಖ್ಯ ಆಕ್ಷೇಪ ಉಳಿಯುತ್ತದೆ: ಎಲ್ಲವನ್ನೂ ತಾನೇ ಮೊದಲಿನಿಂದ ಕಟ್ಟುವುದೊಂದೇ ಕಲೆಯೇನಲ್ಲ, ಇತರರು ಕಟ್ಟಿದ್ದನ್ನು ಔಚಿತ್ಯವರಿತು ಜೋಡಿಸುವುದೂ ಕಲೆಯೇ. ಆರು ಆಜ್ಞೆಗಳ ಆ ಸರಪಣಿಯಲ್ಲೂ ವಚನಗಳ ನೆನಪು ತರುವ ಒಂದು ಸಂಕ್ಷಿಪ್ತತೆಯಿದೆ.

ಇಬ್ಬರಿಗೂ ನಾವು ಒಡ್ಡಬಹುದಾದ ಇನ್ನೊಂದು ಪರೀಕ್ಷೆಯಿದೆ. ಇದೇ ಸಮಸ್ಯೆಗೆ ಕನ್ನಡದ ಪಠ್ಯ ಕೊಟ್ಟರೆ? ಚಿಕ್ಕಕ್ಷರ ದೊಡ್ಡಕ್ಷರಗಳ ಗೋಜು ಇಲ್ಲಿಲ್ಲ. ಆದರೆ ಮನೆ, ಮನೆಯ, ಮನೆಗೆ, ಮನೆಯಲ್ಲಿ ಇವು ನಾಲ್ಕು ಪದಗಳೋ ಒಂದೋ? ‘ಮನೆಯಲ್ಲಿಲ್ಲ’ ಎಂಬುದನ್ನು ಎಲ್ಲಿ ಒಡೆಯಬೇಕು? ಪದವೆಂದರೇನು ಎಂಬ ಪ್ರಶ್ನೆಯನ್ನು ಇಬ್ಬರೂ ಇಂಗ್ಲಿಷಿನ ವಾಡಿಕೆಗೆ ಬಿಟ್ಟಿದ್ದರಿಂದಲೇ ಸಮಸ್ಯೆ ಅಷ್ಟು ಸರಳವಾಯಿತು. ಯಾವ ಕಲಾಕೃತಿಯೂ ತನ್ನ ಭಾಷೆಯ ಮಣ್ಣಿನಿಂದ ಪೂರ್ತಿ ಮೇಲೇಳುವುದಿಲ್ಲ. ಕ್ರಮವಿಧಿಯೂ ಇದಕ್ಕೆ ಹೊರತಲ್ಲ.

ಸಂತೋಷದ ಬೆಲೆ

ಕ್ನೂತ್ ಅವರ ನಿಲುವಿನ ದೌರ್ಬಲ್ಯಗಳನ್ನೂ ಹೇಳಬೇಕು. ಟೆಕ್ ಒಂದು ವರ್ಷದಲ್ಲಿ ಮುಗಿಯುವ ಕೆಲಸವೆಂದು ಅವರು ಎಣಿಸಿದ್ದರು. ಹಿಡಿದದ್ದು ಸುಮಾರು ಹತ್ತು ವರ್ಷ. ಮಹಾಗ್ರಂಥದ ಮೂರನೆಯ ಸಂಪುಟ ಬಂದದ್ದು 1973ರಲ್ಲಿ. ನಾಲ್ಕನೆಯದರ ಮೊದಲ ಭಾಗ 2011ರಲ್ಲಿ, ಎರಡನೆಯ ಭಾಗ 2022ರಲ್ಲಿ. ತನ್ನ ಸಂತೋಷಕ್ಕಾಗಿ ದುಡಿಯುವವನಿಗೆ ಗಡಿಯಾರ ಕಾಣುವುದಿಲ್ಲ. ವಿಶ್ವವಿದ್ಯಾಲಯದ ಆಸರೆಯಿದ್ದ ಪ್ರತಿಭಾವಂತನಿಗೆ ಒದಗಿದ ಈ ಬಿಡುವು ತಿಂಗಳ ಸಂಬಳವನ್ನು ನಂಬಿದ ಬೆಂಗಳೂರಿನ ಯುವ ತಂತ್ರಜ್ಞನಿಗೆ ಒದಗುವುದಿಲ್ಲ. ಅವನಿಗೆ ಕಲೆಯ ಉಪದೇಶ ಮಾಡುವಾಗ ಇದನ್ನು ಮರೆಯಬಾರದು. ಸಾಕ್ಷರ ಕ್ರಮವಿಧಿಯೂ ವ್ಯಾಪಕವಾಗಲಿಲ್ಲ. ಒಳ್ಳೆಯ ಗದ್ಯವನ್ನೂ ಒಳ್ಳೆಯ ಕ್ರಮವಿಧಿಯನ್ನೂ ಬರೆಯಬಲ್ಲವರು ವಿರಳ. ಟೆಕ್‌ನ ಒಳಗಿನ ಸೊಗಸು ಅದರ ಬಳಕೆದಾರರಿಗೆ ಕಾಣುವುದೂ ಇಲ್ಲ. ಅವರ ಪಾಲಿಗೆ ಬರುವುದು ಅದರ ತೊಡಕಿನ ಆಜ್ಞಾಭಾಷೆ. ಅದನ್ನು ಸುಲಭಗೊಳಿಸಲು ಲೆಸ್ಲಿ ಲ್ಯಾಂಪೋರ್ಟ್ ‘ಲೇಟೆಕ್’ ರಚಿಸಬೇಕಾಯಿತು. ಯೂನಿಕೋಡಿನಲ್ಲಿ ಕನ್ನಡವನ್ನೂ ಮೂಡಿಸಬಲ್ಲ ‘ಝೀಟೆಕ್’ ಬಂದದ್ದು ಇತರರ ಶ್ರಮದಿಂದ.

ಆದರೂ ಒಂದು ಗುಣ ಈ ದೌರ್ಬಲ್ಯಗಳನ್ನೆಲ್ಲ ಮೀರಿಸುತ್ತದೆ. ಟೆಕ್ ಬರೆಯುವಾಗ ತಾವು ಮಾಡಿದ ತಪ್ಪುಗಳ ದಿನಚರಿಯನ್ನು ಕ್ನೂತ್ ಇಟ್ಟುಕೊಂಡಿದ್ದರು. 1989ರಲ್ಲಿ ಎಂಟುನೂರಕ್ಕೂ ಮಿಕ್ಕ ಆ ತಪ್ಪು ಮತ್ತು ಬದಲಾವಣೆಗಳನ್ನು ಹದಿನೈದು ಬಗೆಗಳಾಗಿ ವಿಂಗಡಿಸಿ ಪ್ರಕಟಿಸಿದರು. ಯಾವುದು ಬರಿಯ ಬೆರಳಚ್ಚಿನ ತಪ್ಪು, ಯಾವುದು ತರ್ಕದ ತಪ್ಪು, ಯಾವುದು ಮರೆತು ಬಿಟ್ಟದ್ದು ಎಂದು ಸ್ವತಃ ಹೆಸರಿಸಿದರು. ತನ್ನ ಕೃತಿಯನ್ನು ಇನ್ನೊಬ್ಬನ ಕಣ್ಣಿನಿಂದ ಓದಬಲ್ಲವನು ಮಾತ್ರ ಹೀಗೆ ಮಾಡಬಲ್ಲ. ಭಾರತೀಯ ಕಾವ್ಯಮೀಮಾಂಸೆ ಕವಿಯ ಜೊತೆಗೆ ಸಹೃದಯನನ್ನೂ ಇಟ್ಟು ಮಾತಾಡುತ್ತದೆ. ಓದುವವನಿಲ್ಲದೆ ಕಾವ್ಯ ಪೂರ್ಣವಲ್ಲ. ಕ್ನೂತ್ ಅವರ ಉಪನ್ಯಾಸ ಕವಿಯ ಸಂತೋಷದ ಬಗ್ಗೆ ಧಾರಾಳವಾಗಿ ಮಾತಾಡಿತು. ಸಹೃದಯನ ಅಗತ್ಯವನ್ನು ಸ್ಪಷ್ಟಪಡಿಸಿದ್ದು ಅವರ ಈ ತಪ್ಪುಗಳ ಪಟ್ಟಿ ಮತ್ತು ಮೆಕ್‌ಇಲ್ರಾಯ್ ಅವರ ವಿಮರ್ಶೆ.

ಯಂತ್ರವೇ ಬರೆದಾಗ

ಈಗ ಸಡಿಲಗೊಂಡ ಕೀಲಿಗೆ ಬರೋಣ. ಕಂಪ್ಯೂಟರಿಗೆ ಕಲಿಸಬಲ್ಲಷ್ಟು ಅರಿತದ್ದು ವಿಜ್ಞಾನ, ಉಳಿದದ್ದು ಕಲೆ ಎಂದಿದ್ದರು ಕ್ನೂತ್. ಇಂದಿನ ಭಾಷಾಮಾದರಿಗಳು ಬೇಕಾದ್ದನ್ನು ಮಾತಿನಲ್ಲಿ ಹೇಳಿದರೆ ಕ್ರಮವಿಧಿ ಬರೆದುಕೊಡುತ್ತವೆ. ಪದಗಳನ್ನು ಎಣಿಸುವ ಆ 1986ರ ಸಮಸ್ಯೆಯನ್ನು ಕ್ಷಣಾರ್ಧದಲ್ಲಿ ಬಿಡಿಸುತ್ತವೆ. ಆದರೆ ನಾವು ನಿಯಮಗಳನ್ನು ಅರಿತು ಅವಕ್ಕೆ ಕಲಿಸಲಿಲ್ಲ. ಮನುಷ್ಯರು ಬರೆದ ಅಪಾರ ರಾಶಿಯಿಂದ ಅವು ಹದ ಹಿಡಿದಿವೆ. ಯಂತ್ರ ಮಾಡುತ್ತದೆ, ಹೇಗೆಂದು ನಮಗೆ ಪೂರ್ತಿ ವಿವರಿಸಲಾಗುವುದಿಲ್ಲ. ಇದು ಕ್ನೂತ್ ಅವರ ವಿಂಗಡಣೆಯ ಎರಡು ಕೋಣೆಗಳಲ್ಲಿ ಯಾವುದಕ್ಕೂ ಸೇರದ ಮೂರನೆಯ ಸ್ಥಿತಿ. 1974ರ ವ್ಯಾಖ್ಯಾನ ಇಲ್ಲಿಗೆ ಸಾಲದು ಎಂದು ಒಪ್ಪಿಕೊಳ್ಳುವುದೇ ಸರಿ.

ಹಾಗಾದರೆ ಸಂತೋಷವೂ ಮುಗಿಯಿತೆ? 1997ರಲ್ಲಿ ‘ಡೀಪ್ ಬ್ಲೂ’ ಯಂತ್ರ ಚದುರಂಗದ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಪಂದ್ಯದಲ್ಲಿ ಸೋಲಿಸಿತು. ಚದುರಂಗ ನಿಲ್ಲಲಿಲ್ಲ, 2024ರ ಡಿಸೆಂಬರಿನಲ್ಲಿ ನಮ್ಮ ಗುಕೇಶ್ ಹದಿನೆಂಟರ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದರು. ಈ ಹೋಲಿಕೆ ಸಮಾಧಾನ ಕೊಡುವಂಥದ್ದೇ, ಆದರೆ ಅರ್ಧ ಮಾತ್ರ ನಿಜ. ಲಕ್ಷಾಂತರ ಮನೆಗಳ ಒಲೆ ಚದುರಂಗದಿಂದ ಉರಿಯುತ್ತಿರಲಿಲ್ಲ, ಕ್ರಮವಿಧಿಯಿಂದ ಉರಿಯುತ್ತಿದೆ. ಕಸುಬಿನ ಆತಂಕಕ್ಕೆ ಕಲೆಯ ಮಾತು ಉತ್ತರವಲ್ಲ.

ಆದರೆ ಕಲೆಯ ಮಾತಿನಿಂದ ಒಂದು ಪ್ರಯೋಜನ ಖಂಡಿತ ಇದೆ. ಬರೆಯುವ ಕೆಲಸವನ್ನು ಯಂತ್ರ ವಹಿಸಿಕೊಂಡಷ್ಟೂ ಓದುವ ಕೆಲಸ ಮನುಷ್ಯನ ಪಾಲಿಗೆ ಹೆಚ್ಚುತ್ತದೆ. ಬಂದ ಕ್ರಮವಿಧಿ ಸರಿಯೆ, ಅಗತ್ಯಕ್ಕಿಂತ ತೊಡಕೆ, ನಾಳೆ ಬದಲಾಯಿಸಬಹುದೆ, ಅದರಲ್ಲಿ ಕಾಣದ ಊಹೆಗಳಿವೆಯೆ? ಇದನ್ನು ಹೇಳಬಲ್ಲವರು ಅಭಿರುಚಿ ಬೆಳೆಸಿಕೊಂಡವರು. ಅಭಿರುಚಿಯೋ ತಾನೇ ಬರೆದು, ಎಡವಿ, ತಿದ್ದಿ, ಒಮ್ಮೆಯಾದರೂ ಆ ಬೆರಗನ್ನು ಅನುಭವಿಸಿದವರಿಗೆ ಬರುವಂಥದ್ದು. ಸ್ವರ ಹಚ್ಚಿ ನೋಡದವನಿಗೆ ಅಪಸ್ವರ ಕಿವಿಗೆ ಬೀಳುವುದು ಕಷ್ಟ. ಸಂತೋಷಕ್ಕಾಗಿ ಬರೆಯುವುದು ಈ ಕಾರಣದಿಂದ ಕೇವಲ ಹವ್ಯಾಸವಲ್ಲ, ವಿವೇಕದ ತಾಲೀಮು.

ನಮ್ಮ ಕಾಲೇಜುಗಳ ಪಠ್ಯಕ್ರಮದಲ್ಲಿ ವಿದ್ಯಾರ್ಥಿಗಳು ಕ್ರಮವಿಧಿ ಬರೆಯುತ್ತಾರೆ. ಇನ್ನೊಬ್ಬರದನ್ನು ಓದಿ ಎರಡು ಪುಟದ ವಿಮರ್ಶೆ ಬರೆಯುವ ಅಭ್ಯಾಸ ಮಾತ್ರ ಕಾಣಸಿಗುವುದು ಕಡಿಮೆ. ಸಾಹಿತ್ಯದ ತರಗತಿಯಲ್ಲಿ ನಡೆಯುವ ಈ ಕೆಲಸ ಪ್ರಯೋಗಾಲಯದಲ್ಲೂ ನಡೆಯಬಹುದು. ಆಸಕ್ತ ಓದುಗರು ಇಲ್ಲಿಂದಲೇ ಆರಂಭಿಸಬಹುದು. ಒಂದು ಕನ್ನಡ ಕತೆಯ ಕಡತ ತೆಗೆದುಕೊಳ್ಳಿ. ಅದರಲ್ಲಿ ಅತಿ ಹೆಚ್ಚು ಬಾರಿ ಬರುವ ಇಪ್ಪತ್ತು ಪದಗಳನ್ನು ಎಣಿಸುವ ಕ್ರಮವ ಿಧಿಯನ್ನು ಮೊದಲು ಯಂತ್ರದ ನೆರವಿಲ್ಲದೆ ಬರೆಯಿರಿ. ವಿಭಕ್ತಿ ಪ್ರತ್ಯಯಗಳನ್ನು ಏನು ಮಾಡುತ್ತೀರಿ ಎಂದು ನೀವೇ ನಿರ್ಧರಿಸಿ. ಆಮೇಲೆ ಯಂತ್ರದಿಂದಲೂ ಒಂದನ್ನು ಬರೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ, ಸ್ನೇಹಿತರೊಬ್ಬರಿಗೂ ಓದಲು ಕೊಡಿ. ಯಾವುದು ಉತ್ತಮ, ಏಕೆ ಎಂಬುದರ ಮೇಲೆ ನಿಮ್ಮಿಬ್ಬರಲ್ಲಿ ವಾದ ಹುಟ್ಟಿದರೆ ಪ್ರಯೋಗ ಯಶಸ್ವಿಯಾಯಿತೆಂದೇ ತಿಳಿಯಿರಿ.